ಅಟ್ಟದಲ್ಲಿ ಸಿಕ್ಕ ಬೇಸ್‌ಬಾಲ್ ಕಾರ್ಡು: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ರದ್ದಿಗೆ ಹಾಕಬೇಕು

ನ್ಯೂಜೆರ್ಸಿಯಲ್ಲಿ ಈಗಿರುವ ಹಳೇ ಮನೆ ಕೊಂಡಾಗ ಅಟ್ಟದ ಮೂಲೆಯಲ್ಲಿ ಮೂರು ರಟ್ಟಿನ ಪೆಟ್ಟಿಗೆ ಹಾಗೇ ಉಳಿದಿದ್ದವು. ಹಿಂದಿನ ಮಾಲೀಕರಿಗೆ ಫೋನ್ ಮಾಡಿದರೆ, "ಓ, ಅವಾ? ಮಗನ ಬೇಸ್‌ಬಾಲ್ ಕಾರ್ಡು. ನೀವೇ ಇಟ್ಕೊಳ್ಳಿ" ಎಂದು ನಕ್ಕರು. ಚೂಯಿಂಗ್ ಗಮ್ ಪೊಟ್ಟಣದಲ್ಲಿ ಬರುತ್ತಿದ್ದ, ಆಟಗಾರರ ಚಿತ್ರವಿರುವ ರಟ್ಟಿನ ಚೀಟಿಗಳು ಇವು. ಬಿಟ್ಟಿ ಸಿಕ್ಕ ನಿಧಿ ಅಂದುಕೊಂಡೆ. ಶನಿವಾರ ಊಟದ ಮೇಜಿನ ಮೇಲೆ ಸುರಿದು ಎಣಿಸಿದರೆ ಹನ್ನೊಂದು ಸಾವಿರ ಚಿಲ್ಲರೆ. ಅಷ್ಟರಲ್ಲಿ ಕನ್ನಡ ಕೂಟದ ಪಿಕ್‌ನಿಕ್ಕಿನಲ್ಲಿ ಗೆಳೆಯನೊಬ್ಬ, "ಒಂದೇ ಕಾರ್ಡು ನೂರು ಕೋಟಿ ರೂಪಾಯಿಗೆ ಹೋಯ್ತಂತೆ ಕಣೋ" ಎಂದು ಇನ್ನಷ್ಟು ಗಾಳಿ ಹಾಕಿದ.

ಅವನು ಹೇಳಿದ್ದು ನಿಜವೇ. ಟಾಪ್ಸ್ ಕಂಪನಿ 1952ರಲ್ಲಿ ತಂದ, ಬೇಸ್‌ಬಾಲ್ ದಿಗ್ಗಜ ಮಿಕ್ಕಿ ಮ್ಯಾಂಟಲನ ಕಾರ್ಡು 2022ರ ಆಗಸ್ಟಿನಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ನನ್ನ ಹನ್ನೊಂದು ಸಾವಿರದಲ್ಲಿ, ಅಂಚೆ ಖರ್ಚು ಕಳೆದು ನಾಲ್ಕು ಕಾಸು ಉಳಿಸಿಕೊಟ್ಟದ್ದು ಹದಿನಾಲ್ಕು ಕಾರ್ಡು.

ಆಮೇಲೆ ಹುಚ್ಚು ಹತ್ತಿತು, ಕೊಳ್ಳುವುದಕ್ಕೂ ಶುರು ಮಾಡಿದೆ. ಈಚೆಗೆ ಹಳೇ ಮನೆ ಕೊಂಡ ನಮ್ಮವರು, ಮಕ್ಕಳು ಲಿಟಲ್ ಲೀಗ್ ಆಡುವ ಮನೆಯವರು ಫೋನ್ ಮಾಡಿ "ನಮ್ಮ ಹತ್ರನೂ ಒಂದು ಡಬ್ಬಿ ಇದೆ, ಏನು ಮಾಡೋದು?" ಎಂದು ಕೇಳುತ್ತಾರೆ. ಎಲ್ಲರಿಗೂ ಒಂದೊಂದೇ ಸಲ ಹೇಳುವ ಬದಲು ಇಲ್ಲಿ ಬರೆದಿದ್ದೇನೆ. ಕೈಯಲ್ಲಿ ನೂರು ಡಾಲರ್ ಇದ್ದರೆ ಯಾವ ದಾರಿ ಮೇಲು ಅನ್ನುವುದೇ ಮುಖ್ಯ ಪ್ರಶ್ನೆ. ಇರುವುದನ್ನು ಮಾರುವ ವಿಷಯ ಕೊನೆಗೆ.

ಇಸವಿ ನೋಡಿ, ಆಮೇಲೆ ಮುಖ ನೋಡಿ

ಕಾರ್ಡಿನ ಮೇಲೆ ಯಾರಿದ್ದಾರೆ ಅನ್ನುವುದಕ್ಕಿಂತ ಮುಂಚೆ ಹಿಂಬದಿ ತಿರುಗಿಸಿ. ಅಂಕಿ ಅಂಶದ ಕೊನೆಯ ಸಾಲು 1986 ಎಂದಿದ್ದರೆ ಅದು 1987ರ ಕಾರ್ಡು. ಈ ಒಂದು ಇಸವಿ ಅರ್ಧ ಬೆಲೆ ಹೇಳಿಬಿಡುತ್ತದೆ.

1956ರಲ್ಲಿ ಟಾಪ್ಸ್ ತನ್ನ ಎದುರಾಳಿ ಬೌಮನ್ ಕಂಪನಿಯನ್ನು ಕೊಂಡುಕೊಂಡಿತು. ಅಲ್ಲಿಂದ 1980ರವರೆಗೆ ಆ ಪೇಟೆಯಲ್ಲಿ ಹೆಚ್ಚುಕಮ್ಮಿ ಅದೊಂದೇ. ಮಕ್ಕಳು ಕಾರ್ಡನ್ನು ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಟರ್ ಎನಿಸುತ್ತಿದ್ದರು, ರಬ್ಬರ್ ಬ್ಯಾಂಡ್ ಬಿಗಿದು ಚಡ್ಡಿ ಜೇಬಿಗೆ ತುರುಕುತ್ತಿದ್ದರು. ಮಗ ಕಾಲೇಜಿಗೆ ಹೋದ ಮೇಲೆ ಅಮ್ಮ ಕಸಕ್ಕೆ ಎಸೆಯುತ್ತಿದ್ದಳು. ಕಂಪನಿಯೂ ಎಸೆದಿದೆ: 1952ರ ಮಾರಾಟವಾಗದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಗೆ ತುಂಬಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದ್ದಾಗಿ ಟಾಪ್ಸಿನ ಸೈ ಬರ್ಗರ್ ಅವರೇ ಹೇಳಿಕೊಂಡಿದ್ದಾರೆ. ಉಳಿದದ್ದು ಕಮ್ಮಿ, ಅದಕ್ಕೇ ಬೆಲೆ.

1980ರಲ್ಲಿ ಕೋರ್ಟು ಟಾಪ್ಸಿನ ಏಕಸ್ವಾಮ್ಯಕ್ಕೆ ವಿರುದ್ಧವಾಗಿ ತೀರ್ಪು ಕೊಟ್ಟಿತು. 1981ರಲ್ಲಿ ಫ್ಲೀರ್ ಮತ್ತು ಡಾನ್‌ರಸ್ ಪೇಟೆಗಿಳಿದವು. ಮೇಲ್ಮನವಿಯಲ್ಲಿ ಟಾಪ್ಸ್ ಗೆದ್ದರೂ ಆ ಹಕ್ಕು ಚೂಯಿಂಗ್ ಗಮ್ ಜೊತೆ ಮಾರುವ ಕಾರ್ಡಿಗೆ ಮಾತ್ರ ನಿಂತಿತು. ಫ್ಲೀರ್ ಗಮ್ ಬಿಟ್ಟು ಸ್ಟಿಕ್ಕರ್ ಹಾಕಿತು, ಡಾನ್‌ರಸ್ ಜೋಡಿಸಿದರೆ ಚಿತ್ರವಾಗುವ ಒಗಟಿನ ತುಂಡು ಹಾಕಿತು, ವ್ಯಾಪಾರ ಮುಂದುವರಿಯಿತು. 1988ರಲ್ಲಿ ಸ್ಕೋರ್, 1989ರಲ್ಲಿ ಅಪ್ಪರ್ ಡೆಕ್. ಅಷ್ಟು ಹೊತ್ತಿಗೆ ಹಳೇ ಮ್ಯಾಂಟಲ್ ಕಾರ್ಡಿನ ಬೆಲೆ ಪತ್ರಿಕೆಗಳಲ್ಲಿ ಬರತೊಡಗಿತ್ತು. 1984ರಿಂದ ಬೆಕೆಟ್ ಬೆಲೆಪಟ್ಟಿ ತಿಂಗಳಿಗೊಮ್ಮೆ ಅಂಗಡಿಗೆ ಬರುತ್ತಿತ್ತು. ಮಗನ ಕಾಲೇಜು ಫೀಸು ಈ ಪೆಟ್ಟಿಗೆಯಲ್ಲೇ ಇದೆ ಎಂದು ನಂಬಿದ ಅಪ್ಪಂದಿರು ಪೆಟ್ಟಿಗೆಗಟ್ಟಲೆ ಕೊಂಡು ಅಟ್ಟಕ್ಕೆ ಏರಿಸಿದರು. ಕಂಪನಿಗಳು ಹಗಲೂ ರಾತ್ರಿ ಅಚ್ಚು ಹಾಕಿದವು. ಯಾರೂ ಎಸೆಯಲಿಲ್ಲ. 1994ರ ಆಗಸ್ಟಿನಲ್ಲಿ ಆಟಗಾರರು ಮುಷ್ಕರ ಹೂಡಿ ಆ ವರ್ಷದ ಫೈನಲ್, ಅಂದರೆ ವರ್ಲ್ಡ್ ಸೀರೀಸೇ ರದ್ದಾದಾಗ ಗುಳ್ಳೆ ಒಡೆಯಿತು.

ಸುಮಾರು 1986ರಿಂದ 1993ರವರೆಗಿನ ಆ ಕಾಲಕ್ಕೆ ಇಲ್ಲಿನವರು ಇಟ್ಟ ಹೆಸರು ಜಂಕ್ ವ್ಯಾಕ್ಸ್. ವ್ಯಾಕ್ಸ್ ಅಂದರೆ ಪೊಟ್ಟಣದ ಮೇಣದ ಕಾಗದ. ಅಟ್ಟದಲ್ಲಿ ಸಿಗುವ ಡಬ್ಬಿಗಳಲ್ಲಿ ಬಹುಪಾಲು ಈ ಕಾಲದವೇ.

ಸೀಲ್ ಒಡೆಯದ ಬಾಕ್ಸು

ಕೊಳ್ಳುವವರಿಗೆ ಎಲ್ಲಕ್ಕಿಂತ ಹೆಚ್ಚು ಆಸೆ ಹುಟ್ಟಿಸುವುದು ಇದೇ. 1987ರ ಟಾಪ್ಸ್ ಬಾಕ್ಸು ಇವತ್ತಿಗೂ ನೂರು ಡಾಲರಿನ ಒಳಗೆ ಸಿಗುತ್ತದೆ. 36 ಪೊಟ್ಟಣ, ಒಂದೊಂದರಲ್ಲಿ 17 ಕಾರ್ಡು, ಜೊತೆಗೆ ಒಂದು ಗಮ್ಮು. ಒಂದು ಪೊಟ್ಟಣ ಒಡೆದರೆ ಏನಾಗುತ್ತದೆ ಅನ್ನುವುದನ್ನು ಹೇಳಿಬಿಡುತ್ತೇನೆ. ಮೇಣದ ಕಾಗದ ಬಿಡಿಸುತ್ತಿದ್ದ ಹಾಗೇ ಹಳೇ ಅಂಗಡಿಯ ಪೆಪ್ಪರಮಿಂಟು ಡಬ್ಬಿಯ ವಾಸನೆ. ನಸುಗೆಂಪು ಗಮ್ಮಿನ ಹಲಗೆ ಬೆರಳು ತಾಗಿದರೆ ಗಾಜಿನ ಹಾಗೆ ಚೂರಾಗುತ್ತದೆ. ಅದು ಒತ್ತಿಕೊಂಡಿದ್ದ ಕಾರ್ಡಿನ ಮೇಲೆ ಎಣ್ಣೆ ಬಿದ್ದ ಹಾಗೆ ಚೌಕದ ಕಲೆ. ಇನ್ನೊಂದು ಕೊನೆಯ ಕಾರ್ಡಿಗೆ ಮೇಣ ಮೆತ್ತಿರುತ್ತದೆ. ಎರಡೂ ಬದಿಯ ಕಾರ್ಡು ಅಲ್ಲಿಗೆ ಕೆಟ್ಟವು. ಮಧ್ಯದ ಹದಿನೈದು, ಮರದ ಪಟ್ಟಿಯಂಥ ಅಂಚಿನವು, ನಿನ್ನೆ ಅಚ್ಚಾದ ಹಾಗಿರುತ್ತವೆ. (ಮಗಳು ಗಮ್ಮು ಬಾಯಿಗೆ ಹಾಕಿಕೊಳ್ಳಲು ಹೊರಟಿದ್ದಳು. ಯಾರೂ ತಿನ್ನಬೇಡಿ.)

ಖುಷಿಗೆ ಇದಕ್ಕಿಂತ ಅಗ್ಗದ್ದು ಇಲ್ಲ. ನಮ್ಮ ಕಾಲಕ್ಕೆ ಊರಿನ ಶಾಲೆ ಎದುರು ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರಕ್ಕೆ ಬಾಯಿ ಬಿಟ್ಟವರಿಗಂತೂ ಆ ಮಜಾ ಗೊತ್ತೇ ಇದೆ. ದುಡ್ಡಿನ ಲೆಕ್ಕ ಹಾಕಿದರೆ ಬೇರೆ ಕಥೆ. 1989ರ ಅಪ್ಪರ್ ಡೆಕ್ ಬಾಕ್ಸನ್ನು ಜನ ಕೊಳ್ಳುವುದು ಮುಂದೆ ದೊಡ್ಡ ಹೆಸರು ಮಾಡಿದ ಆಟಗಾರ ಕೆನ್ ಗ್ರಿಫಿ ಜೂನಿಯರನ 1ನೇ ನಂಬರಿನ ಕಾರ್ಡಿಗಾಗಿ. ಬಾಕ್ಸಿನಲ್ಲಿ 36 ಪೊಟ್ಟಣ, ಪೊಟ್ಟಣಕ್ಕೆ 15 ಕಾರ್ಡು, ಒಟ್ಟು 540. ಮೊದಲ ಕಂತಿನಲ್ಲೇ 700 ಬೇರೆ ಬೇರೆ ಕಾರ್ಡುಗಳಿವೆ. ಎಲ್ಲ ಸಮನಾಗಿ ಕಲಸಿದ್ದಾರೆ ಎಂದುಕೊಂಡರೂ ಬಾಕ್ಸಿಗೊಂದು ಗ್ರಿಫಿ ಎಂಬ ಖಾತ್ರಿ ಇಲ್ಲ. ಸಿಕ್ಕರೂ ಅಂಚು ಸೊಟ್ಟಗಿರಬಹುದು. ಬಿಡಿ ಗ್ರಿಫಿ ಕೊಳ್ಳುವುದೇ ಅಗ್ಗ.

ಇನ್ನೊಂದು ಅಪಾಯ ನಾನೇ ಅನುಭವಿಸಿದ್ದು. ಹರಕುಮುರುಕು ಸಂತೆಯೊಂದರಲ್ಲಿ 1986ರ ಬಾಕ್ಸು ಕೊಂಡೆ. ಮನೆಗೆ ಬಂದು ಒಂದೊಂದೇ ಬಿಡಿಸಿದರೆ ಹೆಸರಿರುವ ಒಬ್ಬ ಆಟಗಾರನೂ ಇಲ್ಲ. ಮೂವತ್ತಾರು ಪೊಟ್ಟಣದಲ್ಲಿ ಒಬ್ಬನೂ ಇಲ್ಲ! ಕಾಗದದ ಹಿಂದಿನ ಮಡಿಕೆಯನ್ನು ಬೆಳಕಿಗೆ ಹಿಡಿದಾಗ ಕಂಡಿತು: ಮೇಣ ಎರಡು ಸಲ ಕರಗಿದ ಗುರುತು, ಒಂದರ ಪಕ್ಕ ಒಂದು. ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟು ಬಿಡಿಸಿ, ಒಳ್ಳೆಯದನ್ನು ಆರಿಸಿಕೊಂಡು ಮತ್ತೆ ಅಂಟಿಸಿದ್ದಾರೆ. ಹಾಗಾಗಿ ಬೆಲೆಯ ಬಾಕ್ಸಾದರೆ ಬೇಸ್‌ಬಾಲ್ ಕಾರ್ಡ್ ಎಕ್ಸ್‌ಚೇಂಜ್ ಎಂಬ ಕಂಪನಿಯವರು ಪರೀಕ್ಷಿಸಿ ಸುತ್ತಿದ್ದನ್ನೇ ತೆಗೆದುಕೊಳ್ಳಿ. ಅಗ್ಗದ 1988ರ ಡಾನ್‌ರಸ್ ಆದರೆ ಆ ಚಿಂತೆ ಬೇಡ, ಅದನ್ನು ಮೋಸ ಮಾಡಿ ಅಂಟಿಸುವುದಕ್ಕೂ ಯಾರಿಗೂ ಪುರುಸೊತ್ತಿಲ್ಲ.

1991ರ ಆಸುಪಾಸಿನ ನುಣುಪು ಕಾರ್ಡುಗಳಿಗೆ, ಮುಖ್ಯವಾಗಿ ಟಾಪ್ಸಿನ ಸ್ಟೇಡಿಯಂ ಕ್ಲಬ್ ಎಂಬ ಬಗೆಗೆ, ತೇವ ತಗುಲಿದರೆ ಒಂದಕ್ಕೊಂದು ಅಂಟಿ ಇಟ್ಟಿಗೆಯಾಗುತ್ತವೆ. ನನ್ನ ಅಟ್ಟದಲ್ಲೂ ಅಂಥ ಎರಡು ಇಟ್ಟಿಗೆ ಸಿಕ್ಕವು. ಬಿಡಿಸಲು ಹೋದರೆ ಒಬ್ಬನ ಮೂಗು ಇನ್ನೊಬ್ಬನ ಬೆನ್ನಿಗೆ ಬರುತ್ತದೆ.

ಗ್ರೇಡ್ ಆದ ರೂಕಿ ಕಾರ್ಡು

ಆಟಗಾರನ ಮೊದಲ ವರ್ಷದ ಕಾರ್ಡು ರೂಕಿ ಕಾರ್ಡು, ಆಸೆ ಜಾಸ್ತಿ ಅದರ ಮೇಲೆಯೇ. ಪಿಎಸ್‌ಎ, ಎಸ್‌ಜಿಸಿ, ಬೆಕೆಟ್ ಮುಂತಾದ ಕಂಪನಿಗಳು ಕಾರ್ಡಿನ ಮೂಲೆ, ಅಂಚು, ಮೇಲ್ಮೈ ನೋಡುತ್ತವೆ. ಚಿತ್ರ ನಡುಮಧ್ಯ ಇದೆಯೇ ಎಂದು ನೋಡಿ 1ರಿಂದ 10ರವರೆಗೆ ಅಂಕ ಕೊಡುತ್ತವೆ. ಇದೇ ಗ್ರೇಡಿಂಗು. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮೊಹರು ಮಾಡಿ ವಾಪಸ್ ಕಳಿಸುತ್ತವೆ. ಆ ಪ್ಲಾಸ್ಟಿಕ್ಕಿಗೆ ಸ್ಲ್ಯಾಬ್ ಅನ್ನುತ್ತಾರೆ.

ಈ ಕಾಲದ ಕಾರ್ಡಿನಲ್ಲಿ ಬೆಲೆ ಇರುವುದು ಹೆಚ್ಚುಕಮ್ಮಿ 10ಕ್ಕೆ ಮಾತ್ರ. ಗ್ರಿಫಿಯನ್ನೇ ನೋಡಿ. ಪಿಎಸ್‌ಎ ಕಂಪನಿಯೊಂದೇ ಲಕ್ಷದ ಆಸುಪಾಸು ಗ್ರಿಫಿಗಳಿಗೆ ಅಂಕ ಕೊಟ್ಟಿದೆ, 10 ಬಂದದ್ದು ನಾಲ್ಕು ಸಾವಿರ ಚಿಲ್ಲರೆ. ನೂರಕ್ಕೆ ನಾಲ್ಕು. ಅಚ್ಚಿನ ಹಾಳೆಯಲ್ಲಿ ಆ ಕಾರ್ಡು ಮೂಲೆಯಲ್ಲೇ ಇದ್ದುದರಿಂದ ಏಟು ಬೀಳುತ್ತಿತ್ತು. 10 ಬಂದರೆ ಸಾವಿರ ಡಾಲರಿಗೂ ಮೇಲೆ. 9 ಬಂದರೆ ಅದರ ಹತ್ತನೇ ಒಂದು ಪಾಲು ಸಿಕ್ಕರೆ ಪುಣ್ಯ. 8 ಬಂದರೆ ಸ್ಲ್ಯಾಬಿಲ್ಲದ ಕಾರ್ಡಿಗೂ ಅದಕ್ಕೂ ದೊಡ್ಡ ವ್ಯತ್ಯಾಸವಿಲ್ಲ, ಫೀಸು ಹೋಯಿತು ಅಷ್ಟೆ. ಬರಿಗಣ್ಣಿಗೆ 8 ಮತ್ತು 10 ಬೇರೆ ಕಾಣುವುದಿಲ್ಲ. ಪುಸ್ತಕದಂಗಡಿಯ ಹತ್ತು ಪಟ್ಟು ದೊಡ್ಡದು ಮಾಡುವ ಸಣ್ಣ ಭೂತಗನ್ನಡಿ ಇಟ್ಟುಕೊಳ್ಳಿ.

ಆದ್ದರಿಂದ ಕೊಳ್ಳುವುದಾದರೆ 9 ಕೊಳ್ಳಿ. ಬೇರೆ ಯಾರೋ ಫೀಸು ಕಟ್ಟಿ, 10 ಬರಲಿಲ್ಲವೆಂದು ಮುನಿಸಿಕೊಂಡು ಮಾರುತ್ತಿರುತ್ತಾನೆ. ನೋಡುವುದಕ್ಕೆ ಅದೇ ಕಾರ್ಡು, ಅದೇ ಗ್ರಿಫಿ, ಅದೇ ನಗು. ಅಂದಹಾಗೆ ಚಿತ್ರದಲ್ಲಿ ಅವನು ಹಾಕಿರುವ ಸಿಯಾಟಲ್ ಟೋಪಿ ನಿಜವಾದದ್ದಲ್ಲ. ಸ್ಯಾನ್ ಬರ್ನಾರ್ಡಿನೋ ಎಂಬ ಸಣ್ಣ ತಂಡದಲ್ಲಿದ್ದಾಗಿನ ಫೋಟೋದ ಮೇಲೆ ಕಂಪನಿಯವರು ಬಣ್ಣ ತಿದ್ದಿದ್ದು.

ಆಟಗಾರನ ಹೆಸರೂ ಕೆಡಬಹುದು ಅನ್ನುವುದನ್ನು ಮರೆಯಬೇಡಿ. 1998ರಲ್ಲಿ ಮಾರ್ಕ್ ಮೆಗ್ವಾಯರ್ 70 ಹೋಮ್ ರನ್ (ನಮ್ಮ ಸಿಕ್ಸರಿನಂಥ ಹೊಡೆತ) ಹೊಡೆದಾಗ ಅವನ 1985ರ ಟಾಪ್ಸ್ ಒಲಿಂಪಿಕ್ ತಂಡದ ಕಾರ್ಡು ರಾಕೆಟ್ಟಿನಂತೆ ಏರಿತು. 2010ರಲ್ಲಿ ಸ್ಟೀರಾಯ್ಡ್ ತೆಗೆದುಕೊಂಡಿದ್ದೆ ಎಂದು ಅವನೇ ಒಪ್ಪಿಕೊಂಡ. ಅದಕ್ಕೂ ಮುಂಚೆಯೇ ಬೆಲೆ ನೆಲ ಕಚ್ಚಿತ್ತು. 762 ಹೋಮ್ ರನ್ ಹೊಡೆದ ಬ್ಯಾರಿ ಬಾಂಡ್ಸನಿಗೂ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್ ಬಾಗಿಲು ತೆರೆದಿಲ್ಲ. ಅವನ 1987ರ ಟಾಪ್ಸ್, ನಂಬರ್ 320, ನನ್ನ ಡಬ್ಬಿಯಲ್ಲೇ ಒಂಬತ್ತು ಇದ್ದವು.

ಪೂರ್ತಿ ಸೆಟ್ಟು

ಹೆಚ್ಚು ಹೇಳುವುದೇನಿಲ್ಲ. 792 ಕಾರ್ಡಿನ 1987ರ ಟಾಪ್ಸ್ ಸೆಟ್ಟು ಇಬ್ಬರು ಪಿಜ್ಜಾ ತಿಂದ ಖರ್ಚಿಗೆ ಸಿಗುತ್ತದೆ. ಮಕ್ಕಳಿಗೆ ಕೊಡಲು ಚೆನ್ನ. ಮುಂದೊಂದು ದಿನ ಬೆಲೆ ಬರುತ್ತದೆ ಎಂದು ಹತ್ತು ಸೆಟ್ಟು ಕೊಂಡಿಟ್ಟರೆ ನೀವೂ ಅಟ್ಟದ ಆ ಅಪ್ಪಂದಿರ ಸಾಲಿಗೆ ಸೇರುತ್ತೀರಿ.

ರಾಶಿಯೊಳಗಿನ ಅಪರೂಪ

ನನಗೆ ಅತಿ ರುಚಿಸುವುದು ಇದು. ಕೋಟಿಗಟ್ಟಲೆ ಅಚ್ಚಾದ ಅದೇ ವರ್ಷಗಳಲ್ಲಿ ಕೆಲವು ಮಾತ್ರ ಕಡಿಮೆ ಅಚ್ಚಾದವು, ಅಥವಾ ತಪ್ಪಾಗಿ ಅಚ್ಚಾದವು. ನೋಡಿದರೆ ಅಗ್ಗದ ಅಣ್ಣತಮ್ಮಂದಿರ ಹಾಗೇ ಇರುತ್ತವೆ. ಗುರುತಿಸಲು ಬಂದವನಿಗೆ ಲಾಭ.

ಟಾಪ್ಸ್ 1984ರಿಂದ 1991ರವರೆಗೆ ಅದೇ ಚಿತ್ರಗಳನ್ನು ಬಿಳಿ ರಟ್ಟಿನ ಮೇಲೆ, ಮುಂದೆ ಹೊಳಪು ಬಳಿದು, ಕಾರ್ಡು ವ್ಯಾಪಾರಿಗಳಿಗೆ ಮಾತ್ರ ಮಾರಿತು. ಟಿಫನಿ ಅನ್ನುತ್ತಾರೆ. 1987ರಲ್ಲಿ ಸುಮಾರು 30,000 ಸೆಟ್ಟು. ಮಾಮೂಲಿ ಕಾರ್ಡಿನ ಹಿಂಬದಿ ಬೂದು ರಟ್ಟು, ಇದರದ್ದು ಬೆಳ್ಳಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕಿಟಕಿ ಬೆಳಕಿಗೆ ಓರೆ ಮಾಡಿದರೆ ಒಂದು ಕನ್ನಡಿಯಂತೆ ಮಿನುಗುತ್ತದೆ, ಇನ್ನೊಂದು ಮಂಕಾಗಿರುತ್ತದೆ. ನನ್ನ ಹದಿನಾಲ್ಕರಲ್ಲಿ ಮೂರು ಹೀಗೆ ಸಿಕ್ಕವು.

1991ರ ಟಾಪ್ಸ್‌ನಲ್ಲಿ ಡೆಸರ್ಟ್ ಶೀಲ್ಡ್ ಎಂಬುದಿದೆ. ಕೊಲ್ಲಿ ಯುದ್ಧಕ್ಕೆ ಹೋಗಿದ್ದ ಸೈನಿಕರಿಗೆ ಕಳಿಸಿದ್ದು, ಮೂಲೆಯಲ್ಲಿ ಚಿನ್ನದ ಬಣ್ಣದ ಗುರಾಣಿಯ ಮೊಹರು. ಚಿಪರ್ ಜೋನ್ಸ್‌ನ ಮಾಮೂಲಿ ಕಾರ್ಡು ಚಿಲ್ಲರೆ ಕಾಸು, ಮೊಹರು ಇದ್ದರೆ ಹತ್ತಾರು ಪಟ್ಟು. ಹಾಗಿದ್ದ ಮೇಲೆ ನಕಲಿ ಮೊಹರು ಒತ್ತುವವರು ಹುಟ್ಟದೆ ಇರುತ್ತಾರೆಯೇ? ಸ್ಲ್ಯಾಬಿಲ್ಲದ ಡೆಸರ್ಟ್ ಶೀಲ್ಡ್ ಮುಟ್ಟಬೇಡಿ.

1990ರ ಟಾಪ್ಸ್ ಫ್ರ್ಯಾಂಕ್ ಥಾಮಸ್ (ನಂಬರ್ 414) ಕಾರ್ಡಿನಲ್ಲಿ ಕಪ್ಪು ಮಸಿ ಬೀಳದೆ ಮುಂದುಗಡೆ ಹೆಸರೇ ಇಲ್ಲದ ಕೆಲವು ಹೊರಬಂದವು. ಅದು ನಿಜಕ್ಕೂ ದುಬಾರಿ. ಆದರೆ ತಪ್ಪೆಲ್ಲ ಬಂಗಾರವಾಗುವುದಿಲ್ಲ. 1989ರ ಫ್ಲೀರ್‌ನಲ್ಲಿ ಬಿಲ್ ರಿಪ್ಕನ್ ಹಿಡಿದ ಬ್ಯಾಟಿನ ಬುಡದಲ್ಲಿ ಬೈಗುಳ ಬರೆದಿತ್ತು. ಕಂಪನಿಯವರು ಗಾಬರಿ ಬಿದ್ದು ಕಪ್ಪು ಚೌಕ, ಬಿಳಿ ಮಸಿ, ಗೀಚು ಅಂತ ನಾನಾ ಬಗೆಯಲ್ಲಿ ಮುಚ್ಚಿದರು. ಸುದ್ದಿಯಾಗಿದ್ದರಿಂದ ಎಲ್ಲರೂ ಎತ್ತಿಟ್ಟರು, ಎತ್ತಿಟ್ಟಿದ್ದರಿಂದ ಬೈಗುಳವಿರುವ ಕಾರ್ಡು ಇವತ್ತಿಗೂ ಸುಲಭವಾಗಿ ಸಿಗುತ್ತದೆ. ಸಾಮಾನ್ಯ ಕಾರ್ಡಿನಲ್ಲಿ ಒಂದು ಅಕ್ಷರ ತಪ್ಪಿದೆ ಎಂದು ಸಾವಿರಾರು ಡಾಲರ್ ಬೆಲೆ ಹಾಕಿ ಕೂತವರಿಗೆ ಕೈ ಮುಗಿದು ಮುಂದೆ ಹೋಗಿ.

ಹಳೆಯದು, ಸವೆದದ್ದು

ನನ್ನ ನೂರು ಡಾಲರ್ ಈಗ ಹೋಗುವುದು ಇಲ್ಲಿಗೆ. 1974ಕ್ಕೆ ಮುಂಚಿನ ಟಾಪ್ಸ್ ಕಾರ್ಡು ಕಂತುಕಂತಾಗಿ ಬರುತ್ತಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ಮಕ್ಕಳ ಗಮನ ಫುಟ್‌ಬಾಲ್ ಕಡೆ ತಿರುಗುತ್ತಿದ್ದುದರಿಂದ ಕೊನೆಯ ಕಂತಿನ ನಂಬರುಗಳು ಕಡಿಮೆ ಮಾರಾಟವಾದವು. ಅವುಗಳಲ್ಲಿ ಹೆಸರಿಲ್ಲದ ಆಟಗಾರನಿಗೂ ಬೆಲೆ ಇದೆ. ಜೊತೆಗೆ ಇಲ್ಲಿ ಅಂಕ 10 ಬೇಕಿಲ್ಲ. ಮೂಲೆ ದುಂಡಗಾಗಿದ್ದರೂ, ನಡುವೆ ಒಂದು ಮಡಿಕೆ ಬಿದ್ದಿದ್ದರೂ ದಿಗ್ಗಜ ವಿಲ್ಲಿ ಮೇಸ್ ವಿಲ್ಲಿ ಮೇಸೇ. 1960ರ ದಶಕದ ಕೊನೆಯ ಅವನ ಕಾರ್ಡು, 2 ಅಥವಾ 3 ಅಂಕದ್ದು, ನೂರು ಡಾಲರಿನೊಳಗೆ ಹುಡುಕಿದರೆ ಸಿಗುತ್ತದೆ. ಕೊಳ್ಳುವವರು ಯಾವತ್ತೂ ಇರುತ್ತಾರೆ, ಆಟಗಾರನ ಹೆಸರು ಇನ್ನು ಕೆಡುವಂತಿಲ್ಲ, ಕಂಪನಿ ಇನ್ನಷ್ಟು ಅಚ್ಚು ಹಾಕುವಂತಿಲ್ಲ.

ಮೊದಲ ಕಾರ್ಡು ಕೊಳ್ಳುವವರಿಗೆ ನಾನು ಹೇಳುವುದು 1974ರ ಟಾಪ್ಸ್, ನಂಬರ್ 1: ಹ್ಯಾಂಕ್ ಏರನ್. ಕಾರ್ಡಿನ ಮೇಲೆ ಅವನನ್ನು ಸಾರ್ವಕಾಲಿಕ ಹೋಮ್ ರನ್ ರಾಜ ಎಂದು ಘೋಷಿಸಿದ್ದಾರೆ. ಅಚ್ಚಾದಾಗ ಅವನು ಹೊಡೆದಿದ್ದು 713, ಬೇಬ್ ರೂತ್ ದಾಖಲೆ 714! ಚಳಿಗಾಲದಲ್ಲಿ ಅವನಿಗೆ ಏನಾದರೂ ಆಗಿದ್ದರೆ ಕಂಪನಿಯ ಮಾನ ಹೋಗುತ್ತಿತ್ತು. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಅವನು 715ನೆಯದನ್ನು ಹೊಡೆದ. ಮೂಲೆ ಸವೆದದ್ದಾದರೆ ನೂರರಲ್ಲಿ ದೊಡ್ಡ ಪಾಲು ನಿಮ್ಮ ಜೇಬಿನಲ್ಲೇ ಉಳಿಯುತ್ತದೆ.

ತೊಂದರೆ ಇಲ್ಲವೆಂದಲ್ಲ. ಮೂಲೆ ಚೂಪು ಮಾಡಲು ಅಂಚು ಕತ್ತರಿಸಿದವು ಇರುತ್ತವೆ. ಕಾರ್ಡಿನ ಅಳತೆ ಎರಡೂವರೆ ಅಂಗುಲ, ಮೂರೂವರೆ ಅಂಗುಲ. ಅದೇ ಇಸವಿಯ ಅಗ್ಗದ ಕಾರ್ಡೊಂದನ್ನು ಮೇಲಿಟ್ಟು ಹೋಲಿಸಿ. 1952ರ ಕಾರ್ಡುಗಳು ಅದಕ್ಕಿಂತ ದೊಡ್ಡವು. ಅವುಗಳಿಗೆ ಟಾಪ್ಸ್ 1983ರಲ್ಲಿ ತಾನೇ ಮರುಮುದ್ರಣ ತಂದಿದೆ. ಅಜ್ಜನ ಪೆಟ್ಟಿಗೆಯಲ್ಲಿ ಮಿಂಚುವ ಮ್ಯಾಂಟಲ್ ಸಿಕ್ಕರೆ ಮೊದಲು ಹಿಂಬದಿ ಓದಿ.

ಇರುವುದನ್ನು ಮಾರುವವರಿಗೆ

ಈಬೇಯಲ್ಲಿ ಕೇಳುವ ಬೆಲೆ ನೋಡಬೇಡಿ. ಬೆಂಗಳೂರಿನಲ್ಲಿ ಸೈಟಿನ ಮಾಲೀಕ ಹೇಳುವ ರೇಟಿಗೂ ಕೊನೆಗೆ ಕೈ ಬದಲಾಗುವ ದುಡ್ಡಿಗೂ ಇರುವಷ್ಟೇ ಅಂತರ ಇಲ್ಲೂ ಇದೆ. 'ಮಾರಾಟವಾದವು' ಎಂಬ ಆಯ್ಕೆ ಒತ್ತಿ ಹಸಿರು ಅಕ್ಷರದ ಬೆಲೆ ನೋಡಿ. ಪಿಎಸ್‌ಎ ಜಾಲತಾಣದಲ್ಲಿ ಯಾವ ಕಾರ್ಡಿಗೆ ಎಷ್ಟು 10, ಎಷ್ಟು 9 ಬಂದಿವೆ ಎಂಬ ಪಟ್ಟಿ ಪುಕ್ಕಟೆ ಸಿಗುತ್ತದೆ. ಎರಡನ್ನೂ ಒಟ್ಟಿಗೆ ನೋಡಿದ ಮೇಲೆಯೇ ಗ್ರೇಡಿಂಗಿಗೆ ಕಳಿಸುವ ಯೋಚನೆ. ಅಗ್ಗದ ದರದಲ್ಲೂ ಕಾರ್ಡೊಂದಕ್ಕೆ 20 ಡಾಲರಿನ ಮೇಲೆ ಬೀಳುತ್ತದೆ, ಹೋಗಿ ಬರುವ ಅಂಚೆ ಬೇರೆ. ಹತ್ತು ಡಾಲರಿನ ಕಾರ್ಡಿಗೆ ಆ ಖರ್ಚು ಅಂದರೆ ಮೂಗಿಗಿಂತ ಮೂಗುತಿ ಭಾರ. ನಾನು ಮೊದಲ ಸಲ ಹತ್ತು ಕಳಿಸಿದೆ. ಒಂದು 10, ಮೂರು 9, ಉಳಿದವು 8, 7. ಒಟ್ಟು ಲೆಕ್ಕದಲ್ಲಿ ನಷ್ಟವಾಗಲಿಲ್ಲ, ಆ ಒಂದು 10 ಇಲ್ಲದಿದ್ದರೆ ಆಗುತ್ತಿತ್ತು.

ಲಾಭಕ್ಕೆ ಮಾರಿದರೆ ತೆರಿಗೆ ಇದೆ. ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದ ಸಂಗ್ರಹದ ವಸ್ತುಗಳಿಗೆ ಅಮೆರಿಕದಲ್ಲಿ ಶೇರಿಗಿಂತ ಹೆಚ್ಚಿನ ಮಿತಿ, ಶೇ. 28ರವರೆಗೆ. ಅಂಚೆಯಲ್ಲಿ ಪುಸ್ತಕದ ಅಗ್ಗದ ದರ ಕಾರ್ಡಿಗೆ ನಡೆಯುವುದಿಲ್ಲ.

ಇಟ್ಟುಕೊಳ್ಳುವುದಾದರೆ ಅಟ್ಟ, ಗ್ಯಾರೇಜು ಎರಡೂ ಬೇಡ. ಬೇಸಿಗೆಯ ಸೆಕೆ, ಮಳೆಯ ತೇವ ಕಾರ್ಡನ್ನು ಹಪ್ಪಳದ ಹಾಗೆ ಬಾಗಿಸುತ್ತವೆ. ತೆಳು ಪ್ಲಾಸ್ಟಿಕ್ ಕವರು, ಅದರ ಮೇಲೆ ಗಟ್ಟಿ ಕವರು, ಮಲಗುವ ಕೋಣೆಯ ಕಪಾಟು ಸಾಕು. ರಬ್ಬರ್ ಬ್ಯಾಂಡ್ ಕಂಡರೆ ತಕ್ಷಣ ಕತ್ತರಿಸಿ ತೆಗೆಯಿರಿ, ಎಳೆಯಬೇಡಿ.

ನನ್ನ ಹನ್ನೊಂದು ಸಾವಿರದಲ್ಲಿ ಹದಿನಾಲ್ಕು ಮಾರಿದೆ, ಇನ್ನೂರರಷ್ಟನ್ನು ಹ್ಯಾಲೋವೀನ್ ದಿನ ಚಾಕಲೇಟಿನ ಜೊತೆ ಬೀದಿಯ ಮಕ್ಕಳಿಗೆ ಕೊಟ್ಟೆ. ಉಳಿದದ್ದಕ್ಕೆ 'ಪುಕ್ಕಟೆ, ಬಂದು ಒಯ್ಯಿರಿ' ಎಂದು ಪಕ್ಕದ ಬಡಾವಣೆಯ ಗುಂಪಿನಲ್ಲಿ ಹಾಕಿದೆ. ಮೂರು ವಾರದ ಮೇಲೆ ಒಬ್ಬ ಬಂದ. ಒಂದು ಪೆಟ್ಟಿಗೆ ಎತ್ತಿ ಕಾರಿನ ಡಿಕ್ಕಿಗೆ ಇಟ್ಟವನು, ಒಳಗಿದ್ದ ಬೇರೆ ಎರಡು ಪೆಟ್ಟಿಗೆ ತೋರಿಸಿ, 1990ರ ಡಾನ್‌ರಸ್ ಇದೆ, ನಿಮಗೆ ಬೇಕಾ ಎಂದು ಕೇಳಿದ.